‘ಸೈಕೋ’: ಎರಡಕ್ಷರದ ಅರ್ಥ, ಅನರ್ಥ

ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದ ವರ್ಷಗಳಲ್ಲಿ ‘ಸೈಕೋ’ ಎಂಬ ಪದವನ್ನು ಎಷ್ಟು ಬಾರಿ ಶೀರ್ಷಿಕೆಗೆ ಏರಿಸಿದ್ದೇನೆ ಎಂಬ ಲೆಕ್ಕ ನನ್ನ ಬಳಿ ಇಲ್ಲ. ಎರಡೇ ಅಕ್ಷರ, ಒಂದು ಕಾಲಂನ ಇಕ್ಕಟ್ಟಿನಲ್ಲೂ ಸಲೀಸಾಗಿ ಕೂರುತ್ತದೆ. ಹೆಂಡತಿಯ ಕೈಗೆ ಬರೆ ಹಾಕಿದವನು ‘ಸೈಕೋ ಪತಿ’, ಹುಡುಗಿಯ ಬೆನ್ನು ಬಿದ್ದವನು ‘ಸೈಕೋ ಪ್ರೇಮಿ’, ಬೀದಿಯಲ್ಲಿ ನಿಲ್ಲಿಸಿದ್ದ ಬೈಕುಗಳಿಗೆ ಬೆಂಕಿ ಹಚ್ಚಿದವನು ಬರೀ ‘ಸೈಕೋ’. ಅಂಥದೊಂದು ಸುದ್ದಿ ಅಚ್ಚಾದ ದಿನ ಒಬ್ಬ ತಾಯಿ ಕಚೇರಿಗೆ ಫೋನ್ ಮಾಡಿದರು. ಅವರ ಮಗನಿಗೆ ಸ್ಕಿಜೋಫ್ರೇನಿಯಾ. ಹಲವು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಯಾರ ಮೇಲೂ ಕೈ ಎತ್ತಿದವನಲ್ಲ. “ಆ ಮನುಷ್ಯನಿಗೆ ಏನು ಕಾಯಿಲೆ ಇತ್ತು ಸರ್? ಯಾವ ಡಾಕ್ಟರು ಹೇಳಿದರು?” ಎಂದು ಅವರು ಕೇಳಿದರು. ಆರೋಪಿಯನ್ನು ಯಾವ ಡಾಕ್ಟರೂ ನೋಡಿರಲಿಲ್ಲ. ಪೊಲೀಸರ ಪ್ರಕಟಣೆಯಲ್ಲೂ ಆ ಪದ ಇರಲಿಲ್ಲ. ಅದನ್ನು ಸೇರಿಸಿದವನು ನಾನು. “ನಮ್ಮ ಬೀದಿಯ ಹುಡುಗರು ನನ್ನ ಮಗನನ್ನು ಕರೆಯುವುದೂ ಇದೇ ಹೆಸರಿನಿಂದ” ಎಂದು ಹೇಳಿ ಅವರು ಫೋನ್ ಇಟ್ಟರು.

ಆ ಪದ ಎಲ್ಲಿಂದ ಬಂತು, ಯಾರ ಮೇಲೆ ಬೀಳಬೇಕಿತ್ತು, ಯಾರ ಮೇಲೆ ಬೀಳುತ್ತಿದೆ ಎಂದು ನಾನು ಹುಡುಕಲು ಹೊರಟದ್ದು ಆ ಕರೆಯ ನಂತರ.

ಗ್ರೀಕ್ ಭಾಷೆಯಲ್ಲಿ ‘ಸೈಕೆ’ ಎಂದರೆ ಮನಸ್ಸು, ಪ್ರಾಣ. ಮನಸ್ಸಿಗೆ ಸಂಬಂಧಿಸಿದ ಪಾಶ್ಚಾತ್ಯ ಪದಗಳೆಲ್ಲ ಬಹುಮಟ್ಟಿಗೆ ಅದರ ಕೊಂಬೆಗಳು: ಸೈಕಾಲಜಿ, ಸೈಕಿಯಾಟ್ರಿ, ಸೈಕೋಸಿಸ್, ಸೈಕೋಪಾತ್. ಕನ್ನಡದ ಬಾಯಿಗೆ ಬರುವ ಹೊತ್ತಿಗೆ ಬಾಲ ಕತ್ತರಿಸಿಹೋಗಿ ‘ಸೈಕೋ’ ಎಂಬ ಮೊಂಡು ಮಾತ್ರ ಉಳಿಯಿತು. ಆ ಮೊಂಡಿನೊಳಗೆ ಪರಸ್ಪರ ಸಂಬಂಧವೇ ಇಲ್ಲದ ಮನುಷ್ಯರು ಒಟ್ಟಿಗೆ ಸಿಕ್ಕಿಕೊಂಡಿದ್ದಾರೆ.

ಒಬ್ಬರು ಸೈಕೋಸಿಸ್‌ನಿಂದ ಬಳಲುವವರು. ಕನ್ನಡದ ಮನೋವೈದ್ಯಕೀಯ ಬರಹಗಳಲ್ಲಿ ಅದಕ್ಕೆ ಚಿತ್ತವಿಕಲತೆ ಎಂಬ ಹೆಸರಿದೆ. ಇಲ್ಲದ ದನಿ ಕಿವಿಗೆ ಕೇಳುತ್ತದೆ, ಪಕ್ಕದ ಮನೆಯವರು ತನ್ನ ಮೇಲೆ ಸಂಚು ಹೂಡಿದ್ದಾರೆ ಎಂಬ ಗಟ್ಟಿ ನಂಬಿಕೆ ಬೇರೂರುತ್ತದೆ, ವಾಸ್ತವದ ಹಿಡಿತ ತಪ್ಪುತ್ತದೆ. ಇದು ಕಾಯಿಲೆ, ಸ್ಕಿಜೋಫ್ರೇನಿಯಾ ಇದರದೇ ಒಂದು ರೂಪ. ಔಷಧಿಯಿಂದ ಬಹಳ ಮಂದಿಗೆ ಹತೋಟಿಗೆ ಬರುತ್ತದೆ. ಇಂಥವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಮಾಡುವವರಲ್ಲ. ಬೇರೆಯವರ ಹೊಡೆತ, ಮೋಸ, ಹೀಯಾಳಿಕೆಗೆ ಸಿಲುಕುವವರು ಇವರೇ.

ಇನ್ನೊಬ್ಬರು ವೈದ್ಯರು ಸೈಕೋಪಾತ್ ಎನ್ನುವ ವ್ಯಕ್ತಿ. ಈತನಿಗೆ ದನಿ ಕೇಳುವುದಿಲ್ಲ, ಭ್ರಮೆಯಿಲ್ಲ, ಲೆಕ್ಕ ತಪ್ಪುವುದಿಲ್ಲ. ಎದುರಿನವರಿಗೆ ನೋವಾಗುತ್ತಿದೆ ಎಂದು ತಲೆಗೆ ಗೊತ್ತಾಗುತ್ತದೆ, ಎದೆಗೆ ತಟ್ಟುವುದಿಲ್ಲ. ಮಾತು ಜೇನು. ಕೊಟ್ಟ ಮಾತು ಮುರಿಯುವಾಗ ಅಳುಕಿಲ್ಲ, ಸಿಕ್ಕಿಬಿದ್ದಾಗ ನಾಚಿಕೆಯಿಲ್ಲ. ಇದು ಇದ್ದಕ್ಕಿದ್ದಂತೆ ಬಂದು ಹೋಗುವ ಜ್ವರದಂತಲ್ಲ, ಎಳವೆಯಿಂದ ಬೆಳೆದು ಗಟ್ಟಿಯಾದ ಸ್ವಭಾವ. ಈ ಇಬ್ಬರನ್ನು ಬೇರೆ ಇಡಬೇಕೆಂಬುದು ವೈದ್ಯರ ನಿಯಮವೇ ಆಗಿದೆ: ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆಯ ಅವಧಿಯಲ್ಲಷ್ಟೇ ಕಾಣಿಸಿಕೊಂಡ ವರ್ತನೆಯನ್ನು ಆಧರಿಸಿ ಯಾರಿಗೂ ‘ಸಮಾಜವಿರೋಧಿ ವ್ಯಕ್ತಿತ್ವ’ದ (ಸೈಕೋಪಾತ್‌ಗೆ ಹತ್ತಿರದ ಅಧಿಕೃತ ಹೆಸರು) ಹಣೆಪಟ್ಟಿ ಕೊಡುವಂತಿಲ್ಲ.

ಮೂರನೆಯವರೂ ಇದ್ದಾರೆ, ಪಾಪದವರು. ಮದುವೆ ಮನೆಗೆ ಹೋಗಲು ಹಿಂಜರಿಯುವ, ನಾಲ್ಕು ಜನ ಸೇರಿದರೆ ಮೂಲೆ ಹುಡುಕುವ ಹುಡುಗ ಹುಡುಗಿಯರು ತಮ್ಮನ್ನು ತಾವೇ ‘ಆಂಟಿಸೋಷಿಯಲ್’ ಎಂದು ಕರೆದುಕೊಳ್ಳುತ್ತಾರೆ. ವೈದ್ಯರ ಭಾಷೆಯಲ್ಲಿ ಆ ಪದ ಪರರ ಹಕ್ಕನ್ನು ತುಳಿಯುವವನಿಗೆ ಮೀಸಲು. ಜನಸಂದಣಿಯಿಂದ ದೂರ ಇರುವವರಿಗೆ ಮುಖೇಡಿ, ಏಕಾಂತಪ್ರಿಯ ಎಂಬ ಪದಗಳು ಕನ್ನಡದಲ್ಲಿ ಮೊದಲಿನಿಂದ ಇವೆ. ಅವುಗಳಲ್ಲಿ ಯಾವ ಅಪರಾಧದ ವಾಸನೆಯೂ ಇಲ್ಲ.

ಈ ಪದದ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗೊಂದಲ ನಮ್ಮ ಸುದ್ದಿಮನೆಗಳಲ್ಲಿ ಹುಟ್ಟಿದ್ದಲ್ಲ, ವೈದ್ಯರ ಮೇಜಿನ ಮೇಲೆಯೇ ಅದಕ್ಕೆ ಇನ್ನೂರು ವರ್ಷಗಳ ವಯಸ್ಸಾಗಿದೆ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಪ್ಯಾರಿಸ್‌ನ ವೈದ್ಯ ಫಿಲಿಪ್ ಪಿನೆಲ್ ಒಬ್ಬ ಶ್ರೀಮಂತ ಯುವಕನ ವಿಷಯ ಬರೆದ. ತಾಯಿಯ ಮುದ್ದಿನ ಒಬ್ಬನೇ ಮಗ. ಸಿಟ್ಟು ಬಂದರೆ ಸಾಕುಪ್ರಾಣಿಗಳನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬ ಹೆಂಗಸು ಏನೋ ಬೈದಳೆಂದು ಅವಳನ್ನು ಬಾವಿಗೆ ಎಸೆದುಬಿಟ್ಟ. ಆ ಕಾಲದ ತಿಳಿವಳಿಕೆಯಲ್ಲಿ ಹುಚ್ಚು ಎಂದರೆ ಬುದ್ಧಿ ಕೆಡುವುದು. ಈತನ ಬುದ್ಧಿ ಕೆಟ್ಟಿರಲಿಲ್ಲ, ತನ್ನ ಜಮೀನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ. ಪಿನೆಲ್ ಇದಕ್ಕೆ ‘ಭ್ರಮೆಯಿಲ್ಲದ ಉನ್ಮಾದ’ ಎಂದು ಹೆಸರಿಟ್ಟ. 1835ರಲ್ಲಿ ಬ್ರಿಸ್ಟಲ್‌ನ ವೈದ್ಯ ಜೇಮ್ಸ್ ಪ್ರಿಚರ್ಡ್ ‘ನೈತಿಕ ಉನ್ಮಾದ’ ಎಂದ. ಅವನ ಆ ಚೀಲದೊಳಗೆ ಕ್ರೂರಿಗಳ ಜೊತೆಗೆ ಖಿನ್ನರು, ವಿಪರೀತ ಭಾವುಕರು, ವಿಚಿತ್ರ ನಡವಳಿಕೆಯವರು ಎಲ್ಲರೂ ಇದ್ದರು. 1880ರ ದಶಕದ ಕೊನೆಗೆ ಜರ್ಮನಿಯ ಯೂಲಿಯಸ್ ಕೋಖ್ ‘ಸೈಕೋಪಾತಿಕ್’ ಎಂಬ ಪದವನ್ನು ಚಾಲ್ತಿಗೆ ತಂದಾಗಲೂ ಅದರ ಅರ್ಥ ಸರಳವಾಗಿತ್ತು: ‘ಪಾಥೋಸ್’ ಎಂದರೆ ಯಾತನೆ, ಸೈಕೋಪಾತ್ ಎಂದರೆ ನೊಂದ ಮನಸ್ಸಿನವನು. 1923ರಲ್ಲಿ ಕುರ್ಟ್ ಷ್ನೈಡರ್ ಹತ್ತು ಬಗೆಯ ಸೈಕೋಪಾತಿಕ್ ವ್ಯಕ್ತಿತ್ವಗಳನ್ನು ಪಟ್ಟಿ ಮಾಡಿದಾಗ ಅಂಜುಬುರುಕರಿಗೂ ಕುಗ್ಗಿದ ಮನಸ್ಸಿನವರಿಗೂ ಅದರಲ್ಲಿ ಜಾಗವಿತ್ತು. ತನ್ನ ಸ್ವಭಾವದಿಂದ ತಾನೇ ನರಳುವವನು ಅಥವಾ ಸಮಾಜವನ್ನು ನರಳಿಸುವವನು ಎಂಬುದು ಅವನು ಕೊಟ್ಟ ವಿವರಣೆ. ಮುಂದಿನ ದಶಕಗಳಲ್ಲಿ ‘ತಾನೇ ನರಳುವವನು’ ಸದ್ದಿಲ್ಲದೆ ಜಾರಿಹೋದ, ‘ನರಳಿಸುವವನು’ ಉಳಿದ.

‘ಸೋಷಿಯೋಪಾತ್’ ಇದರ ತಮ್ಮ. 1930ರಲ್ಲಿ ಅಮೆರಿಕದ ಜಿ.ಇ. ಪಾರ್ಟ್ರಿಜ್ ಈ ಪದದ ಪರವಾಗಿ ವಾದಿಸಿದ. ತೊಂದರೆ ಕಾಣಿಸುವುದು ಸಮಾಜದೊಂದಿಗಿನ ಸಂಬಂಧದಲ್ಲಿ, ಆದ್ದರಿಂದ ಹೆಸರೂ ಅಲ್ಲಿಂದಲೇ ಬರಬೇಕು ಎಂಬುದು ಅವನ ತರ್ಕ. ಇಂದು ಅಂತರ್ಜಾಲದ ತುಂಬ ‘ಸೈಕೋಪಾತ್ ಹುಟ್ಟುತ್ತಾನೆ, ಸೋಷಿಯೋಪಾತ್ ಆಗುತ್ತಾನೆ’ ಎಂಬ ಸೂತ್ರ ಓಡಾಡುತ್ತಿದೆ. ಕೆಲವು ಸಂಶೋಧಕರು ಅಂಥ ಭೇದ ಮಾಡಿದ್ದು ನಿಜ, ಆದರೆ ವೈದ್ಯರು ಬಳಸುವ ಯಾವ ಅಧಿಕೃತ ಕೈಪಿಡಿಯಲ್ಲೂ ಈ ವಿಭಾಗವಿಲ್ಲ. ಹುಟ್ಟುಗುಣ ಮತ್ತು ಬೆಳೆದ ಪರಿಸರ ಎರಡೂ ಹೆಣೆದುಕೊಂಡಿರುತ್ತವೆ. ಒಬ್ಬ ಮನುಷ್ಯನಲ್ಲಿ ಎಷ್ಟು ಪಾಲು ಯಾವುದರದು ಎಂದು ಅಳೆದು ಹೇಳುವ ತಕ್ಕಡಿ ಯಾರ ಬಳಿಯೂ ಇಲ್ಲ.

ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡಿದ ಪುಟ 1952ರದ್ದು. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯ ಮೊದಲ ಆವೃತ್ತಿಯನ್ನು ಆ ವರ್ಷ ಹೊರತಂದಿತು. ಅದರಲ್ಲಿ ‘ಸೋಷಿಯೋಪಾತಿಕ್ ವ್ಯಕ್ತಿತ್ವದ ತೊಂದರೆ’ ಎಂಬ ತಲೆಬರಹದ ಕೆಳಗೆ ಅಪರಾಧಿಗಳ ಜೊತೆಗೆ ಕುಡಿತಕ್ಕೆ ದಾಸರಾದವರು ಇದ್ದರು, ಸಲಿಂಗಪ್ರೇಮಿಗಳೂ ಇದ್ದರು. ಯಾರಿಗೂ ಕೇಡು ಮಾಡದ, ತಮ್ಮ ಪಾಡಿಗೆ ಒಬ್ಬರನ್ನೊಬ್ಬರು ಪ್ರೀತಿಸುವ ಮನುಷ್ಯರನ್ನು ವಂಚಕರ ಸಾಲಿನಲ್ಲಿ ಕೂರಿಸಲಾಗಿತ್ತು. ಸಲಿಂಗಪ್ರೇಮ ರೋಗವಲ್ಲ ಎಂದು ಆ ಸಂಘ ನಿರ್ಧರಿಸಿದ್ದು 1973ರಲ್ಲಿ. ಭಾರತದಲ್ಲಿ ಅದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ‘ಸಮಾಜವಿರೋಧಿ’ ಎಂಬ ಪದದಲ್ಲಿ ‘ಸಮಾಜ’ ಎಂದರೆ ಯಾರು ಎಂದು ಕೇಳದೆ ಬಿಟ್ಟರೆ ಆಗುವುದು ಇದೇ.

ಅದೇ 1952ರಲ್ಲಿ ನಮ್ಮಲ್ಲೂ ಒಂದು ಹಣೆಪಟ್ಟಿ ಕಾನೂನಿನ ಪುಸ್ತಕದಿಂದ ಹೊರಬಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಬ್ರಿಟಿಷರು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದ್ದರು. ಸ್ವತಂತ್ರ ಭಾರತ ಅದನ್ನು ರದ್ದುಪಡಿಸಿ ಆ ಜನರನ್ನು ‘ವಿಮುಕ್ತರು’ ಎಂದಿತು. ಕಾಯ್ದೆ ಹೋದರೂ ಊರಿನಲ್ಲಿ ಕಳವಾದಾಗ ಪೊಲೀಸ್ ಜೀಪು ಮೊದಲು ಯಾವ ಹಟ್ಟಿಯ ಕಡೆ ತಿರುಗುತ್ತದೆ ಎಂಬುದನ್ನು ಅಲೆಮಾರಿ ಸಮುದಾಯಗಳ ಯಾರನ್ನು ಕೇಳಿದರೂ ಹೇಳುತ್ತಾರೆ. ಹುಟ್ಟಿನಿಂದಲೇ ಕೆಟ್ಟವರು ಎಂಬ ಕಲ್ಪನೆಗೆ ನಮ್ಮ ನೆಲದಲ್ಲಿ ಇಂಥ ನೆನಪಿದೆ. ಅದೇ ಕಲ್ಪನೆ ವೈದ್ಯರ ಅಂಗಿ ತೊಟ್ಟು ಬಂದಾಗ ನಾವು ಇನ್ನಷ್ಟು ಎಚ್ಚರವಾಗಿರಬೇಕು.

ಸೈಕೋಪಾತ್ ಎಂಬ ಪದಕ್ಕೆ ಇಂದಿನ ಖಚಿತ ಚಹರೆ ಕೊಟ್ಟವರು ಇಬ್ಬರು. 1941ರಲ್ಲಿ ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ ತನ್ನ ಆಸ್ಪತ್ರೆಯಲ್ಲಿ ಕಂಡ ವಿಚಿತ್ರ ರೋಗಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದ. ಅವರಲ್ಲಿ ಬಹುತೇಕರು ಕೊಲೆಗಾರರಲ್ಲ. ಸುಳ್ಳು ಹೇಳಿ ಸಾಲ ಎತ್ತುವವರು, ಖೋಟಾ ಚೆಕ್ ಬರೆಯುವವರು, ಒಳ್ಳೆಯ ಕೆಲಸವನ್ನು ಕಾರಣವಿಲ್ಲದೆ ಬಿಟ್ಟು ಹೋಗುವವರು, ಮನೆಯವರನ್ನು ಮತ್ತೆ ಮತ್ತೆ ಬೀದಿಗೆ ತರುವವರು. ನೋಡಲು ಸಭ್ಯರು, ಮಾತಿನಲ್ಲಿ ಚತುರರು. ಕೆಲವರು ಸಮಾಜದಲ್ಲಿ ಒಳ್ಳೆಯ ಸ್ಥಾನದಲ್ಲೂ ಇದ್ದರು. ಇಂಥ ವ್ಯಕ್ತಿಗೆ ಕನ್ನಡದಲ್ಲಿ ಬಹಳ ಹಳೆಯ, ಬಹಳ ಸರಿಯಾದ ಪದವಿದೆ: ನಯವಂಚಕ. ‘ಗೋಮುಖ ವ್ಯಾಘ್ರ’ ಎಂಬುದೂ ಅದೇ ಗುರುತು. ಕಟುಕ, ಕಲ್ಲೆದೆಯವನು ಎಂಬ ಪದಗಳು ಮರುಕವಿಲ್ಲದಿರುವುದನ್ನಷ್ಟೇ ಹೇಳುತ್ತವೆ. ನಯವಂಚಕ ಎಂಬುದು ಆ ನಯವನ್ನೂ ಸೇರಿಸಿ ಹೇಳುತ್ತದೆ.

ಕೆನಡಾದ ಮನಃಶಾಸ್ತ್ರಜ್ಞ ರಾಬರ್ಟ್ ಹೇರ್ ಈ ಚಹರೆಯನ್ನು ಅಳತೆಗೆ ಒಗ್ಗಿಸಿದ. 1991ರಲ್ಲಿ ಪ್ರಕಟವಾದ ಅವನ ಪರಿಷ್ಕೃತ ಪಟ್ಟಿಯಲ್ಲಿ 20 ಲಕ್ಷಣಗಳಿವೆ, ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 40. ಉತ್ತರ ಅಮೆರಿಕದಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ಸೈಕೋಪಾತ್ ಎಂದು ಪರಿಗಣಿಸುವುದು ರೂಢಿ. ಮೇಲ್ನೋಟದ ಮೋಹಕತೆ, ತಾನೇ ದೊಡ್ಡವನೆಂಬ ಭಾವ, ಚಟದಂಥ ಸುಳ್ಳು, ಪಶ್ಚಾತ್ತಾಪದ ಕೊರತೆ, ಇತರರನ್ನು ಹಿಂಡಿ ಬದುಕುವುದು, ಎಳವೆಯಲ್ಲೇ ಕಾಣಿಸಿಕೊಂಡ ದುರ್ವರ್ತನೆ ಇವೆಲ್ಲ ಅದರಲ್ಲಿವೆ. ತರಬೇತಿ ಪಡೆದ ತಜ್ಞರು ದೀರ್ಘ ಸಂದರ್ಶನ ನಡೆಸಿ, ಕಡತಗಳನ್ನು ತಾಳೆ ನೋಡಿ ಅಂಕ ಕೊಡಬೇಕು. ಸಂದರ್ಶನವೊಂದನ್ನೇ ನಂಬುವಂತಿಲ್ಲ, ಏಕೆಂದರೆ ಎದುರಿಗಿರುವವನ ಮೊದಲ ಲಕ್ಷಣವೇ ಮಾತಿನಲ್ಲಿ ಮರುಳು ಮಾಡುವುದು. ಮೊಬೈಲಿನಲ್ಲಿ ‘ನಿಮ್ಮ ಬಾಸ್ ಸೈಕೋಪಾತ್ ಇರಬಹುದೇ’ ಎಂದು ಹತ್ತು ಪ್ರಶ್ನೆ ಕೇಳಿ ಉತ್ತರ ಕೊಡುವ ಆಟಗಳಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಇಷ್ಟಾದರೂ ಸೈಕೋಪಾತ್ ಎಂಬುದು ಇಂದು ಅಧಿಕೃತ ರೋಗನಿರ್ಣಯದ ಹೆಸರಲ್ಲ. ಒಬ್ಬನ ಎದೆಯೊಳಗೆ ಮರುಕವಿದೆಯೋ ಇಲ್ಲವೋ ಎಂಬುದರ ಬಗ್ಗೆ ಇಬ್ಬರು ವೈದ್ಯರು ಒಪ್ಪುವುದು ಕಷ್ಟ; ಎಷ್ಟು ಬಾರಿ ಕಾನೂನು ಮುರಿದ ಎಂಬುದನ್ನು ಎಣಿಸುವುದು ಸುಲಭ. ಈ ಕಾರಣಕ್ಕೆ ಅಮೆರಿಕದ ಕೈಪಿಡಿ 1980ರಲ್ಲಿ ವರ್ತನೆಯನ್ನೇ ಆಧಾರವಾಗಿಟ್ಟು ‘ಸಮಾಜವಿರೋಧಿ ವ್ಯಕ್ತಿತ್ವ ದೋಷ’ವನ್ನು ವಿವರಿಸಿತು. 2013ರ ಐದನೇ ಆವೃತ್ತಿಯಲ್ಲಿ ಏಳು ಲಕ್ಷಣಗಳಿವೆ: ಪದೇ ಪದೇ ಕಾನೂನುಬಾಹಿರ ಕೃತ್ಯ, ವಂಚನೆ, ಹಿಂದುಮುಂದು ನೋಡದ ದುಡುಕು, ಹೊಡೆದಾಟದ ಸ್ವಭಾವ, ತನ್ನ ಮತ್ತು ಇತರರ ಸುರಕ್ಷತೆಯ ಕಡೆಗಣನೆ, ಕೆಲಸ ಮತ್ತು ಸಾಲದ ವಿಷಯದಲ್ಲಿ ಬೇಜವಾಬ್ದಾರಿ, ಪಶ್ಚಾತ್ತಾಪವಿಲ್ಲದಿರುವುದು. ಮೂರು ಇದ್ದರೆ ಸಾಕು. ಆದರೆ ವಯಸ್ಸು 18 ತುಂಬಿರಬೇಕು, 15ರೊಳಗೇ ಗಂಭೀರ ದುರ್ವರ್ತನೆಯ ಕುರುಹು ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ ಅದರ ಹನ್ನೊಂದನೇ ವರ್ಗೀಕರಣದಲ್ಲಿ ವ್ಯಕ್ತಿತ್ವದ ತೊಂದರೆಯನ್ನು ಸೌಮ್ಯ, ಮಧ್ಯಮ, ತೀವ್ರ ಎಂದು ಅಳೆದು, ಪರರ ಹಕ್ಕು ಮತ್ತು ಭಾವನೆಗಳನ್ನು ಲೆಕ್ಕಿಸದಿರುವುದನ್ನು ಒಂದು ಗುಣವಾಗಿ ಪಕ್ಕದಲ್ಲಿ ನಮೂದಿಸುತ್ತಾರೆ. ಮನುಷ್ಯನಿಗೆ ಅಂಟಿಸುವ ಹೆಸರು ಅಲ್ಲಿ ಮರೆಗೆ ಸರಿದಿದೆ.

ವರ್ತನೆಯನ್ನು ಎಣಿಸುವ ದಾರಿಯಲ್ಲೂ ಒಂದು ಹಳ್ಳವಿದೆ. 12 ದೇಶಗಳ 62 ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸೆರೆಮನೆಯಲ್ಲಿರುವ ಗಂಡಸರಲ್ಲಿ ಶೇ 47ರಷ್ಟು, ಹೆಂಗಸರಲ್ಲಿ ಶೇ 21ರಷ್ಟು ಮಂದಿಗೆ ಸಮಾಜವಿರೋಧಿ ವ್ಯಕ್ತಿತ್ವದ ಲಕ್ಷಣಗಳಿದ್ದವು. ಹೇರ್‌ನ ಪಟ್ಟಿಯಿಂದ ಅಳೆದರೆ ಸೈಕೋಪಾತ್ ಎನಿಸುವವರು ಉತ್ತರ ಅಮೆರಿಕದ ಸೆರೆಮನೆಗಳಲ್ಲಿ ಶೇ 15ರಿಂದ 25ರಷ್ಟೇ. ಅಂದರೆ ಮೊದಲ ಬಲೆ ತೀರ ಅಗಲ. ಹಸಿವು, ಬೀದಿ ಜಗಳ, ಗುಂಪಿನ ಒತ್ತಡಕ್ಕೆ ಸಿಕ್ಕು ಬಾಲ್ಯದಿಂದಲೇ ಪೊಲೀಸ್ ಠಾಣೆ ಕಂಡವನೂ ಅದರಲ್ಲಿ ಬೀಳುತ್ತಾನೆ. ಬಡ ಬಸ್ತಿಗಳಲ್ಲಿ ಬದುಕಿ ಉಳಿಯಲು ಕಲಿತ ನಡವಳಿಕೆಯನ್ನು ವ್ಯಕ್ತಿತ್ವದ ದೋಷವೆಂದು ತಪ್ಪಾಗಿ ಓದುವ ಅಪಾಯವಿದೆ ಎಂದು ಅಮೆರಿಕದ ಕೈಪಿಡಿಯೇ ಎಚ್ಚರಿಸುತ್ತದೆ. ಇತ್ತ, ಒಮ್ಮೆಯೂ ಠಾಣೆಯ ಮೆಟ್ಟಿಲು ಹತ್ತದೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ನೂರಾರು ಜನರ ಉಳಿತಾಯ ನುಂಗಿದ ನಯವಂಚಕ ಆ ಬಲೆಯಿಂದ ಸುಲಭವಾಗಿ ನುಣುಚಿಕೊಳ್ಳುತ್ತಾನೆ.

ಕನ್ನಡದಲ್ಲಿ ‘ಸಮಾಜಘಾತುಕ’ ಎಂಬ ಪದವೂ ಬಡವನ ಮೇಲೆಯೇ ಹೆಚ್ಚು ಬೀಳುತ್ತದೆ. ಅದು ವೈದ್ಯರ ಪದವಲ್ಲ, ಠಾಣೆಯ ಪದ. ರೌಡಿ ಪಟ್ಟಿ, ಗಡೀಪಾರು, 1985ರ ಗೂಂಡಾ ಕಾಯ್ದೆಯ ಸುದ್ದಿಗಳ ಜೊತೆ ‘ಸಮಾಜಘಾತುಕ ಶಕ್ತಿಗಳು’ ಎಂದು ಬರುತ್ತದೆ. ಗಲಭೆಯ ಮರುದಿನ ಯಾರ ಹೆಸರನ್ನೂ ಹೇಳಲು ಇಷ್ಟವಿಲ್ಲದ ಮುಖಂಡರಿಗೂ ಅದು ಅನುಕೂಲದ ಪದ. ಅದನ್ನು ಮನೋವೈದ್ಯಕೀಯ ಪದಕ್ಕೆ ಸಾಟಿಯಾಗಿ ಬಳಸುವ ಅನುವಾದಗಳು ಎರಡು ಲೋಕಗಳನ್ನು ಕಲಸಿಬಿಡುತ್ತವೆ.

ಇನ್ನು ‘ಸೈಕೋ ಪತಿ’ಯ ವಿಷಯ. ಇಲ್ಲಿ ಒಂದು ಲೆಕ್ಕವನ್ನು ಎದುರಿಗಿಟ್ಟುಕೊಳ್ಳೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ಐದನೇ ಸಮೀಕ್ಷೆಯಲ್ಲಿ ರಾಜ್ಯಗಳ ಪೈಕಿ ನಮ್ಮದೇ ಅತಿ ಹೆಚ್ಚಾಗಿತ್ತು. ಸಮಾಜವಿರೋಧಿ ವ್ಯಕ್ತಿತ್ವ ದೋಷ ಇರುವವರು ಸಾಮಾನ್ಯ ಜನರಲ್ಲಿ ಶೇ 0.2ರಿಂದ 3.3 ಎಂದು ಅಮೆರಿಕದ ಕೈಪಿಡಿಯ 2013ರ ಆವೃತ್ತಿ ಹೇಳಿತ್ತು. ಆ ದೋಷ ಗಂಡಸರಲ್ಲಿ ಹೆಚ್ಚು ಎಂದಿಟ್ಟುಕೊಂಡು ಎಷ್ಟೇ ಹಿಗ್ಗಿಸಿದರೂ ಈ ಎರಡು ಅಂಕಿಗಳು ಹತ್ತಿರ ಹತ್ತಿರವೂ ಬರುವುದಿಲ್ಲ. ಕರ್ನಾಟಕದಲ್ಲಿ ಹೆಂಡತಿಗೆ ಹೊಡೆಯುವವರು ಬಹುತೇಕ ಸಾಮಾನ್ಯ ಗಂಡಸರು. ಬೆಳಿಗ್ಗೆ ಬಸ್ಸಿನಲ್ಲಿ ನಮ್ಮ ಪಕ್ಕ ಕೂರುವವರು, ಕಚೇರಿಯಲ್ಲಿ ಮೇಲಧಿಕಾರಿಯ ಎದುರು ತಗ್ಗಿದ ದನಿಯಲ್ಲಿ ಮಾತನಾಡುವವರು. ಸಿಟ್ಟು ತಡೆಯಲಾಗಲಿಲ್ಲ ಎನ್ನುವ ಆ ಗಂಡನ ಸಿಟ್ಟು ಮೇಲಧಿಕಾರಿಯ ಎದುರು ತಡೆದುಕೊಳ್ಳುತ್ತದೆ, ಮನೆಯ ಬಾಗಿಲು ಮುಚ್ಚಿದ ಮೇಲೆ ಬಿಚ್ಚಿಕೊಳ್ಳುತ್ತದೆ.

ನೊಂದ ಹೆಣ್ಣುಮಗಳು ಗಂಡನನ್ನು ಸೈಕೋ ಎಂದು ಕರೆದರೆ ಅವಳನ್ನು ತಿದ್ದುವ ಹಕ್ಕು ನನಗಿಲ್ಲ. ತಾನು ಅನುಭವಿಸಿದ್ದನ್ನು ಹೇಳಲು ಅವಳಿಗೆ ಸಿಕ್ಕ ಪದ ಅದು. ಆದರೆ ಅದೇ ಪದ ಮಾಧ್ಯಮದ ಬಾಯಲ್ಲಿ, ನೆಂಟರ ಬಾಯಲ್ಲಿ ಬಂದಾಗ ಕೆಲಸ ಬೇರೆಯಾಗುತ್ತದೆ. “ಅವನಿಗೆ ತಲೆ ಸರಿಯಿಲ್ಲ, ನೀನೇ ಸ್ವಲ್ಪ ಹೊಂದಿಕೊಂಡು ಹೋಗಮ್ಮ” ಎಂಬ ಉಪದೇಶಕ್ಕೆ ಅದು ಪೀಠಿಕೆಯಾಗುತ್ತದೆ. ಓದುಗನಿಗೆ ಅದು ನೆಮ್ಮದಿ ಕೊಡುತ್ತದೆ: ಅವನು ಸೈಕೋ, ನಾನಲ್ಲ, ನಾನು ಬರೀ ಒಂದು ಏಟು ಕೊಟ್ಟವನು. ಗಂಡನ ಕ್ರೌರ್ಯ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂನಡಿ ಅಪರಾಧ. ಹಾಗೆಂದು ಹೇಳಲು ಯಾವ ಮನೋವೈದ್ಯರ ಚೀಟಿಯೂ ಬೇಕಿಲ್ಲ.

2013ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಸೆರೆಮನೆಯಿಂದ ಜೈಶಂಕರ್ ಎಂಬ ಕೈದಿ ತಪ್ಪಿಸಿಕೊಂಡಾಗ ನಾಡಿಗೆ ನಾಡೇ ಅವನನ್ನು ‘ಸೈಕೋ ಶಂಕರ್’ ಎಂದೇ ಕರೆಯಿತು. ಪದ ವಿಶೇಷಣವಾಗಿ ಉಳಿಯದೆ ಹೆಸರಿನ ಭಾಗವೇ ಆಗಿಹೋಯಿತು. ಅವನ ಕೈಗೆ ಸಿಕ್ಕಿ ಸತ್ತ ಹೆಂಗಸರ ಬಗ್ಗೆ ಏನಾದರೂ ನೆನಪಿದೆಯೇ ಎಂದು ಆ ಕಾಲದ ಓದುಗರನ್ನು ಕೇಳಿ ನೋಡಿದ್ದೇನೆ. ಅಡ್ಡಹೆಸರನ್ನು ಬಿಟ್ಟು ಬೇರೇನೂ ನೆನಪಿಲ್ಲ.

ಪದವೊಂದು ನ್ಯಾಯಾಲಯದೊಳಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆಕ್ಸಾಸ್‌ನ ಒಂದು ಪ್ರಕರಣವಿದೆ. ಪೊಲೀಸ್ ಅಧಿಕಾರಿಯೊಬ್ಬನನ್ನು ಕೊಂದ ಆರೋಪದಲ್ಲಿ ಥಾಮಸ್ ಬೇರ್‌ಫುಟ್ ಎಂಬವನನ್ನು 1978ರಲ್ಲಿ ತಪ್ಪಿತಸ್ಥನೆಂದು ತೀರ್ಮಾನಿಸಲಾಯಿತು. ಮರಣದಂಡನೆ ಕೊಡಬೇಕಾದರೆ ಅವನು ಮುಂದೆಯೂ ಅಪಾಯಕಾರಿ ಎಂದು ಸಾಬೀತಾಗಬೇಕಿತ್ತು. ಸಾಕ್ಷಿ ಹೇಳಲು ಬಂದ ಮನೋವೈದ್ಯ ಜೇಮ್ಸ್ ಗ್ರಿಗ್ಸನ್ ಬೇರ್‌ಫುಟ್‌ನನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ವಕೀಲರು ಮುಂದಿಟ್ಟ ಕಲ್ಪಿತ ಪ್ರಶ್ನೆಯನ್ನು ಆಧರಿಸಿ ಅವನನ್ನು ಸೋಷಿಯೋಪಾತ್ ಎಂದ, ಒಂದರಿಂದ ಹತ್ತರ ಅಳತೆಯಲ್ಲಿ ಹತ್ತಕ್ಕಿಂತ ಮೇಲಿನವನೆಂದ, ಮುಂದೆಯೂ ಹಿಂಸೆ ಎಸಗುವುದು ನೂರಕ್ಕೆ ನೂರು ಖಚಿತವೆಂದ. ಅಮೆರಿಕದ ಮನೋವೈದ್ಯರ ಸಂಘವೇ ಸುಪ್ರೀಂ ಕೋರ್ಟಿಗೆ ಬಂದು, ಇಂಥ ದೂರದ ಭವಿಷ್ಯ ನುಡಿಯುವುದರಲ್ಲಿ ಮನೋವೈದ್ಯರು ಮೂರರಲ್ಲಿ ಎರಡು ಬಾರಿ ತಪ್ಪುತ್ತಾರೆ ಎಂದು ತಿಳಿಸಿತು. 1983ರಲ್ಲಿ ನ್ಯಾಯಾಲಯ ಆ ಸಾಕ್ಷ್ಯವನ್ನು ಎತ್ತಿಹಿಡಿಯಿತು, 1984ರಲ್ಲಿ ಬೇರ್‌ಫುಟ್‌ಗೆ ಮರಣದಂಡನೆಯಾಯಿತು. ಸಂಘ ಗ್ರಿಗ್ಸನ್‌ನನ್ನು ಹೊರಹಾಕಿದ್ದು 1995ರಲ್ಲಿ.

ಭಾರತದ ಕಾನೂನು ಈ ವಿಷಯದಲ್ಲಿ ಹೆಚ್ಚು ಜಾಗರೂಕವಾಗಿದೆ ಎಂದು ನನಗೆ ಅನಿಸುತ್ತದೆ. ಚಿತ್ತಸ್ವಾಸ್ಥ್ಯವಿಲ್ಲದೆ, ತಾನು ಏನು ಮಾಡುತ್ತಿದ್ದೇನೆಂದೇ ತಿಳಿಯದೆ ಮಾಡಿದ್ದು ಅಪರಾಧವಲ್ಲ ಎಂಬ ನಿಯಮ ಹಳೆಯ ದಂಡಸಂಹಿತೆಯ 84ನೇ ಕಲಂನಲ್ಲಿತ್ತು, ಈಗ ನ್ಯಾಯ ಸಂಹಿತೆಯ 22ನೇ ಕಲಂನಲ್ಲಿದೆ. ಸೈಕೋಪಾತ್‌ನ ತಡೆಯಲಾಗದ ತುಡಿತದ ವರ್ತನೆಗೆ ಈ ರಕ್ಷಣೆ ಸಿಗುವುದಿಲ್ಲ ಎಂದು ಹರಿಸಿಂಗ್ ಗೊಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇದು ಸರಿಯೇ, ಏಕೆಂದರೆ ಅವನಿಗೆ ತಿಳಿವಿದೆ. ಆದರೆ ಆ ಹೆಸರನ್ನು ಗಲ್ಲಿಗೆ ದಾರಿ ಮಾಡಲೂ ಬಳಸುವಂತಿಲ್ಲ. ಅಪರಾಧಿ ತಿದ್ದಿಕೊಳ್ಳಲಾರ ಎಂಬುದನ್ನು ಸರ್ಕಾರವೇ ಸಾಕ್ಷ್ಯದಿಂದ ತೋರಿಸಬೇಕು ಎಂದು 1980ರ ಬಚನ್ ಸಿಂಗ್ ತೀರ್ಪು ಹೇಳಿತು. 2022ರ ಮನೋಜ್ ಪ್ರಕರಣದಲ್ಲಿ, ಮರಣದಂಡನೆಯ ಪ್ರಶ್ನೆ ಬಂದಾಗ ಆರೋಪಿಯ ಮಾನಸಿಕ ಸ್ಥಿತಿ ಮತ್ತು ಬಾಳಿನ ಹಿನ್ನೆಲೆಯ ವರದಿಗಳನ್ನು ತರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಸೂಚಿಸಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಮೂರನೇ ಕಲಂ ಇನ್ನೊಂದು ಬಾಗಿಲನ್ನು ಮುಚ್ಚಿದೆ: ಒಬ್ಬರ ನಡೆ ಸಮುದಾಯದ ನೈತಿಕ, ಸಾಮಾಜಿಕ, ರಾಜಕೀಯ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಅವರನ್ನು ಮಾನಸಿಕ ರೋಗಿ ಎಂದು ನಿರ್ಧರಿಸುವಂತಿಲ್ಲ. 1952ರ ಆ ಪುಟವನ್ನು ಓದಿದವರಿಗೆ ಈ ಸಾಲಿನ ಬೆಲೆ ತಿಳಿಯುತ್ತದೆ.

ಇಷ್ಟು ಬರೆದ ಮೇಲೂ ಮಕ್ಕಳ ಮಾತು ಹೇಳದೆ ಮುಗಿಸಲಾರೆ. ಬೆಕ್ಕಿನ ಮರಿಗೆ ಕಲ್ಲೆಸೆದ, ಮನೆಯಲ್ಲಿ ಹಣ ಕದ್ದ, ಸಹಪಾಠಿಯ ತಲೆ ಒಡೆದ ಹನ್ನೆರಡು ವರ್ಷದ ಹುಡುಗನನ್ನು ಶಾಲೆಯ ಶಿಕ್ಷಕರೇ ‘ಸೈಕೋ’ ಎಂದು ಕರೆಯುವುದನ್ನು ನಾನು ಕೇಳಿದ್ದೇನೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಲೀ ರಾಬಿನ್ಸ್ ಸೇಂಟ್ ಲೂಯಿಸ್‌ನ ಮಕ್ಕಳ ಚಿಕಿತ್ಸಾಲಯವೊಂದಕ್ಕೆ ಬಂದಿದ್ದ 524 ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಮಾತನಾಡಿಸಿ 1966ರಲ್ಲಿ ತನ್ನ ಅಧ್ಯಯನ ಪ್ರಕಟಿಸಿದಳು. ಸಮಾಜವಿರೋಧಿಗಳಾಗಿ ಬೆಳೆದವರಲ್ಲಿ ಬಹುತೇಕ ಎಲ್ಲರೂ ಬಾಲ್ಯದಲ್ಲೂ ಹಾಗೆಯೇ ಇದ್ದರು ಎಂಬುದು ಅವಳಿಗೆ ಕಂಡ ಒಂದು ಸಂಗತಿ. ಅಂಥ ಬಾಲ್ಯ ಕಂಡ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೆ ಹಾಗಾಗಲಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಹಿಡಿದು ಮಗುವಿಗೆ ಹೆಸರಿಡುವವರು ಎರಡನೆಯದನ್ನು ಮರೆಯುತ್ತಾರೆ. ಹದಿನೆಂಟರೊಳಗೆ ಈ ರೋಗನಿರ್ಣಯ ಕೊಡಬಾರದು ಎಂಬ ನಿಯಮದ ಹಿಂದೆ ಈ ತಿಳಿವಳಿಕೆಯಿದೆ. ತೀರ ಗಂಭೀರ ಹಿಂಸೆಗೆ ಇಳಿದ ಹದಿಹರೆಯದವರಿಗಾಗಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೆಂಡೋಟಾ ಕೇಂದ್ರ 1995ರಿಂದ ನಡೆಸುತ್ತಿರುವ ಚಿಕಿತ್ಸೆಯಲ್ಲಿ, ಸೈಕೋಪಾತ್‌ನ ಲಕ್ಷಣಗಳು ಹೆಚ್ಚಾಗಿದ್ದ ಹುಡುಗರಲ್ಲೂ ಮುಂದಿನ ಹಿಂಸೆ ಗಣನೀಯವಾಗಿ ತಗ್ಗಿತು. ಶಿಕ್ಷೆಯನ್ನು ಹೆಚ್ಚಿಸುತ್ತ ಹೋಗುವ ಬದಲು ಒಳ್ಳೆಯ ನಡೆಗೆ ಆಯಾ ದಿನವೇ ಪ್ರತಿಫಲ ಕೊಡುವುದು ಅಲ್ಲಿನ ಕ್ರಮ. ‘ಇವರಿಗೆ ಏನು ಮಾಡಿದರೂ ಅಷ್ಟೆ’ ಎಂಬ ಮಾತು ಸುಲಭವಾಗಿ ಹೇಳುವಂಥದ್ದಲ್ಲ.

ನಿಮ್ಮ ಮನೆಯಲ್ಲಿ ಅಂಥ ಮಗು ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ದೂರದ ಊರಿನವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ. ಗಂಡನ ಹಿಂಸೆಯಲ್ಲಿರುವವರಿಗೆ ಮಹಿಳಾ ಸಹಾಯವಾಣಿ 181 ಇದೆ.

ಆ ತಾಯಿಯ ಕರೆ ಬಂದ ವಾರವೇ ಸುದ್ದಿಮನೆಯಲ್ಲಿ ಈ ಪದದ ಬಗ್ಗೆ ಮಾತು ತೆಗೆದೆ. ಜಾಗ ಸಾಲುವುದಿಲ್ಲ, ಬೇರೆ ಪದ ಉದ್ದವಾಗುತ್ತದೆ ಎಂಬ ಆಕ್ಷೇಪ ಬಂತು. ಬರೆ ಹಾಕಿದವನ ಸುದ್ದಿಯ ಹಳೆಯ ಪುಟವನ್ನು ತೆಗೆದು ಅದೇ ಕಾಲಂನಲ್ಲಿ ಹೊಸದಾಗಿ ಬರೆದು ನೋಡಿದೆ: ‘ಹೆಂಡತಿಗೆ ಬರೆ: ಪತಿ ಸೆರೆ’. ಎರಡು ಸಾಲಿನಲ್ಲಿ ಸರಿಯಾಗಿ ಕೂತಿತು.